ಗಾಳಿ ಇದ್ದಷ್ಟೇ ಆಟ

ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಬಾಯ್ಲ್‌ನ ನಿಯಮವನ್ನು ಬಾಯಿಪಾಠ ಒಪ್ಪಿಸಿ ಪಾಸಾದ ಹುಡುಗನೊಬ್ಬ ಈಗ ಅಮೆರಿಕದಲ್ಲಿ ಸಂಸಾರವಂದಿಗ. ಹಬ್ಬಕ್ಕೊಮ್ಮೆ ಫೋನ್ ಮಾಡಿ ಯೋಗಕ್ಷೇಮ ವಿಚಾರಿಸುವುದು ಅವನ ಪದ್ಧತಿ. ಕಳೆದ ಯುಗಾದಿಗೆ ಮಾಡಿದಾಗ ಮಾತ್ರ ದನಿಯಲ್ಲಿ ಸ್ವಲ್ಪ ಕಳವಳವಿತ್ತು.

‘ಸರ್, ಒಂದು ವಿಷಯ ನೀವೇ ಹೇಳಬೇಕು. ಮಗ ಹಟ ಹಿಡಿದು ಕೂತಿದ್ದಾನೆ. ಸಾವಿರ ಡಾಲರಿನ ಬಂದೂಕು ಬೇಕಂತೆ!’

ನಾನು ಬೆಚ್ಚಿಬಿದ್ದೆ. ಅವನೇ ನಕ್ಕು ಸಮಾಧಾನ ಹೇಳಿದ. ನಿಜವಾದ ಬಂದೂಕಲ್ಲ, ಬಣ್ಣದ ಗುಂಡು ಹಾರಿಸುವ ‘ಪೇಂಟ್‌ಬಾಲ್’ ಆಟದ ಸಾಧನ. ಅದನ್ನು ಆಟಗಾರರು ಬಂದೂಕು ಎನ್ನುವುದಿಲ್ಲ, ‘ಮಾರ್ಕರ್’ ಎನ್ನುತ್ತಾರೆ. ಗುರುತು ಹಾಕುವುದು ಎಂದರ್ಥ. ಹದಿನೈದು ವರ್ಷದ ಮಗ ಭಾನುವಾರಗಳಂದು ಕಾಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುವ ದೀರ್ಘ ಆಟಕ್ಕೆ ಹೋಗುತ್ತಾನೆ. ಅವನ ಹಳೆಯ ಮಾರ್ಕರಿನ ಗಾಳಿ ಆಟ ರಂಗೇರುವ ಹೊತ್ತಿಗೇ ಮುಗಿದುಹೋಗುತ್ತದೆ. ಗಾಳಿ ತುಂಬಿಸಿಕೊಳ್ಳಲು ಕಾಡಿನಾಚೆಯ ಶಿಬಿರಕ್ಕೆ ನಡೆದು ಬರಬೇಕು. ಅಷ್ಟರಲ್ಲಿ ಅವನ ತಂಡದ ಬಾವುಟ ಹೋಗಿರುತ್ತದೆ. ‘ನಿನ್ನಿಂದಲೇ ಸೋತೆವು’ ಎಂದು ಗೆಳೆಯರ ಮೂದಲಿಕೆ ಬೇರೆ. ಹೊಸ ಎಲೆಕ್ಟ್ರಾನಿಕ್ ಮಾರ್ಕರ್ ಗಾಳಿಯನ್ನು ಕಡಿಮೆ ಕುಡಿಯುತ್ತದೆ ಎಂಬುದು ಹುಡುಗನ ವಾದ.

‘ಅವನು ಹೇಳುವುದು ನಿಜವೋ ಸುಳ್ಳೋ ನನಗೆ ತಿಳಿಯುತ್ತಿಲ್ಲ ಸರ್. ಇಲ್ಲ ಎಂದರೆ ಜಿಪುಣ ಅಪ್ಪ ಆಗುತ್ತೇನೆ, ಹೂಂ ಎಂದರೆ ಪೆದ್ದ ಅಪ್ಪ ಆಗುತ್ತೇನೆ.’

ನಾನು ಮಾರ್ಕರ್ ಹಿಡಿದು ಆಡಿದವನಲ್ಲ. ಆದರೆ ಗಾಳಿ, ಒತ್ತಡ, ಕವಾಟ ಇವೆಲ್ಲ ನಾನು ದಿನವೂ ಪಾಠ ಮಾಡುವ ವಿಷಯಗಳೇ. ಒಂದು ವಾರದ ಗಡುವು ಕೇಳಿಕೊಂಡು ಓದಲು ಕುಳಿತೆ. ಆಗ ಸಿಕ್ಕಿದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ. ಬೆಂಗಳೂರಿನ ಹೊರವಲಯದ ಕೆಲವು ವಿಹಾರಧಾಮಗಳಲ್ಲೂ ಈಗ ಈ ಆಟವಿರುವುದರಿಂದ ನಮ್ಮ ಮಕ್ಕಳಿಗೂ ಇದು ತೀರಾ ಅಪರಿಚಿತವೇನಲ್ಲ.

ಗುಂಡು ಹಾರಿಸದೆ ಗೆದ್ದವನು

ಪೇಂಟ್‌ಬಾಲ್ ಹುಟ್ಟಿದ್ದು ಆಟಕ್ಕಾಗಿ ಅಲ್ಲ. ಅಮೆರಿಕದ ನೆಲ್ಸನ್ ಪೇಂಟ್ ಕಂಪೆನಿ ಅರಣ್ಯದವರಿಗೂ ದನ ಸಾಕುವವರಿಗೂ ಅನುಕೂಲವಾಗಲೆಂದು ಬಣ್ಣದ ಗುಂಡು ಹಾರಿಸುವ ಪಿಸ್ತೂಲನ್ನು ಮಾರುಕಟ್ಟೆಗೆ ತಂದಿತು. ಕಡಿಯಬೇಕಾದ ಮರಕ್ಕೆ ಹಳ್ಳದಾಚೆಯಿಂದಲೇ ಗುರುತು ಹಾಕಬಹುದು. ಹಿಂಡಿನಲ್ಲಿ ಬೇರ್ಪಡಿಸಬೇಕಾದ ದನಕ್ಕೆ ಹತ್ತಿರ ಹೋಗದೆಯೇ ಬಣ್ಣ ಹಚ್ಚಬಹುದು. ‘ನೆಲ್‌ಸ್ಪಾಟ್ 007’ ಎಂಬುದು ಈ ಪಿಸ್ತೂಲಿನ ಹೆಸರು.

ಈ ಪಿಸ್ತೂಲು ಆಟದ ಸಾಮಾನಾದದ್ದು ಒಂದು ವಾದದಿಂದ. ಚಾರ್ಲ್ಸ್ ಗೇನ್ಸ್ ಎಂಬ ಲೇಖಕನಿಗೂ ಹೇಯ್ಸ್ ನೋಯೆಲ್ ಎಂಬ ಷೇರು ದಲ್ಲಾಳಿಗೂ ಚರ್ಚೆ ಹತ್ತಿತು: ಕಾಡಿನಲ್ಲಿ ಬಿಟ್ಟರೆ ಬದುಕುಳಿಯುವವನು ಹಳ್ಳಿಯವನೋ, ಪೇಟೆಯವನೋ? ಬಾಬ್ ಗರ್ನ್‌ಸಿ ಎಂಬ ಇನ್ನೊಬ್ಬ ಗೆಳೆಯನೂ ಸೇರಿಕೊಂಡ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬಲ್ಲಿ 12 ಮಂದಿ ಈ ಪಿಸ್ತೂಲುಗಳನ್ನು ಹಿಡಿದು ಕಾಡಿಗೆ ಇಳಿದರು. ಬೇರೆ ಬೇರೆ ಕಡೆ ಇಟ್ಟ ಬಾವುಟಗಳನ್ನು ಸಂಗ್ರಹಿಸಿ ಹೊರಬರಬೇಕು. ಬಣ್ಣ ಬಿದ್ದವನು ಔಟ್.

ಗೆದ್ದವನು ಯಾರು ಗೊತ್ತೇ? ರಿಚಿ ವೈಟ್ ಎಂಬ ಅರಣ್ಯ ಕೆಲಸದವನು. ಅವನು ಒಂದೇ ಒಂದು ಗುಂಡನ್ನೂ ಹಾರಿಸಲಿಲ್ಲ! ಮರದಿಂದ ಮರಕ್ಕೆ ಸದ್ದಿಲ್ಲದೆ ಸರಿಯುತ್ತಾ ಬಾವುಟಗಳನ್ನೆಲ್ಲ ಕಲೆಹಾಕಿಕೊಂಡು ಹೊರಬಂದ. ಗಾಳಿಯ ಮಿತವ್ಯಯದ ಮಾತು ಬಂದಾಗಲೆಲ್ಲ ಈತನನ್ನು ನೆನೆಯಬೇಕು.

ಆಟ ಆಮೇಲೆ ಬೆಳೆಯುತ್ತಾ ಹೋಯಿತು. ಒಕ್ಲಹೋಮಾದ ವಯಾಂಡಾಟ್ ಬಳಿ 1997ರಲ್ಲಿ ಆರಂಭವಾದ, ನಾರ್ಮಂಡಿ ದಾಳಿಯನ್ನು ನೆನಪಿಸುವ ಆಟಕ್ಕೆ ಸಾವಿರಾರು ಮಂದಿ ಸೇರುತ್ತಿದ್ದರು. ಇಂತಹ ದೀರ್ಘ ಆಟಗಳಲ್ಲಿ ಗಾಳಿ ಎಷ್ಟು ಹೊತ್ತು ಬರುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಐದು ನಿಮಿಷದ ಪಂದ್ಯದಲ್ಲಿ ಅದು ಯಾರ ತಲೆಗೂ ಬಾರದು.

ಒಂದು ಗುಂಡಿಗೆ ಎಷ್ಟು ಗಾಳಿ?

ಈಗ ಲೆಕ್ಕಕ್ಕೆ ಬರೋಣ. ಬಣ್ಣದ ಗುಂಡು ಎಂದರೆ ಜಿಲೆಟಿನ್ ಹೊದಿಕೆಯೊಳಗೆ ನೀರಿನಲ್ಲಿ ತೊಳೆದುಹೋಗುವ ಬಣ್ಣ. ಮೀನೆಣ್ಣೆ ಮಾತ್ರೆ ನೋಡಿದ್ದೀರಲ್ಲ, ಅದೇ ಜಾತಿ. ಸಾಮಾನ್ಯ ಗುಂಡಿನ ಅಡ್ಡಳತೆ 0.68 ಅಂಗುಲ, ಅಂದರೆ ಸುಮಾರು 17.3 ಮಿಲಿಮೀಟರ್. ತೂಕ ಸುಮಾರು 3 ಗ್ರಾಂ. ಸುರಕ್ಷತೆಯ ದೃಷ್ಟಿಯಿಂದ ಅದರ ವೇಗ ಸೆಕೆಂಡಿಗೆ 300 ಅಡಿ ಮೀರಬಾರದು ಎಂಬುದು ರೂಢಿ. ಹಲವು ಮೈದಾನಗಳು 280 ಅಡಿಗೇ ನಿಲ್ಲಿಸುತ್ತವೆ. 280 ಅಡಿ ಎಂದರೆ 85 ಮೀಟರ್.

ಚಲನಶಕ್ತಿಯ ಸೂತ್ರ ಎಂಟು, ಒಂಬತ್ತನೆಯ ತರಗತಿಯವರಿಗೂ ಗೊತ್ತು. ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಸುಮಾರು 11 ಜೂಲ್ ಬರುತ್ತದೆ. ಗುಂಡು ನಳಿಕೆಯಲ್ಲಿ ಸುಮಾರು 20 ಸೆಂಟಿಮೀಟರ್ ದೂರ ತಳ್ಳಿಸಿಕೊಳ್ಳುತ್ತದೆ ಎಂದು ಇಟ್ಟುಕೊಳ್ಳಿ. ಹಾಗಾದರೆ ಬೇಕಾದ ಸರಾಸರಿ ಬಲ ಸುಮಾರು 54 ನ್ಯೂಟನ್. ಇದನ್ನು ಗುಂಡಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿ. ಬರುವ ಒತ್ತಡ ಚದರ ಅಂಗುಲಕ್ಕೆ ಸುಮಾರು 33 ಪೌಂಡ್, ಅಂದರೆ 33 ಪಿಎಸ್‌ಐ.

ಈ ಸಂಖ್ಯೆಯನ್ನು ನೀವು ಎಲ್ಲೋ ಕೇಳಿದ್ದೀರಿ, ಅಲ್ಲವೇ? ಹೌದು, ಪೆಟ್ರೋಲ್ ಬಂಕಿನಲ್ಲಿ ಕಾರಿನ ಟೈರಿಗೆ ತುಂಬಿಸುವುದೂ ಹೆಚ್ಚುಕಡಿಮೆ ಇಷ್ಟೇ ಒತ್ತಡ! ಸಿಲಿಂಡರಿನಲ್ಲಿ 3000 ಪಿಎಸ್‌ಐ ತುಂಬಿದ್ದರೂ ಗುಂಡನ್ನು ತಳ್ಳುವ ಸರಾಸರಿ ಒತ್ತಡ ಕಾರಿನ ಟೈರಿನದು. ಘರ್ಷಣೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಹೊರಗಿನ ಸಾಧಾರಣ ಒತ್ತಡದಲ್ಲಿ ಅಳೆದ ಸುಮಾರು 155 ಮಿಲಿಲೀಟರ್ ಗಾಳಿ ಒಂದು ಗುಂಡಿಗೆ ಸಾಕು.

ವಾಸ್ತವದಲ್ಲಿ ಎಷ್ಟು ಖರ್ಚಾಗುತ್ತದೆ? ಆಟಗಾರರಲ್ಲಿ ಒಂದು ಅಂದಾಜಿನ ಮಾತಿದೆ: 3000 ಪಿಎಸ್‌ಐ ತುಂಬಿದ ಸಿಲಿಂಡರಿನ ಪ್ರತಿ ಘನ ಅಂಗುಲಕ್ಕೆ ಸುಮಾರು ಹತ್ತು ಗುಂಡು. ಬಹುಮಂದಿ ಹೊಸಬರ ಬಳಿ ಇರುವುದು 48 ಘನ ಅಂಗುಲದ ಅಲ್ಯುಮಿನಿಯಂ ಸಿಲಿಂಡರ್. ಅಂದರೆ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ 480-500 ಗುಂಡು ಹಾರಿಸಬಹುದು. ಒತ್ತಡ 3000ದಿಂದ 800ಕ್ಕೆ ಇಳಿಯುವವರೆಗೆ ಹೊರಬರುವ ಗಾಳಿ ಬಾಯ್ಲ್‌ನ ನಿಯಮದ ಪ್ರಕಾರ ಸುಮಾರು 120 ಲೀಟರ್. ಐನೂರರಿಂದ ಭಾಗಿಸಿದರೆ ಗುಂಡೊಂದಕ್ಕೆ 240 ಮಿಲಿಲೀಟರ್, ಒಂದು ದೊಡ್ಡ ಲೋಟದಷ್ಟು.

155 ಮಿಲಿಲೀಟರ್ ಸಾಕಾಗುವಲ್ಲಿ 240 ಖರ್ಚಾಯಿತು. ಉಳಿದದ್ದು ಎಲ್ಲಿಗೆ ಹೋಯಿತು? ಒಳ್ಳೆಯ ಮಾರ್ಕರ್ ಯಾವುದು ಎಂಬ ಪ್ರಶ್ನೆಯ ಉತ್ತರ ಈ ಸೋರಿಕೆಯಲ್ಲೇ ಇದೆ.

ಗಾಳಿಯೋ, ಇಂಗಾಲದ ಡೈಆಕ್ಸೈಡೋ?

ಮೊದಲು ಸಿಲಿಂಡರಿನೊಳಗೆ ಏನಿದೆ ಎಂಬುದನ್ನು ತಿಳಿಯಬೇಕು. ಹಿಂದೆ ಎಲ್ಲರೂ ಬಳಸುತ್ತಿದ್ದುದು ಇಂಗಾಲದ ಡೈಆಕ್ಸೈಡ್. ನೆಲ್‌ಸ್ಪಾಟ್ ಪಿಸ್ತೂಲಿಗೆ 12 ಗ್ರಾಂ ಅನಿಲದ ಪುಟ್ಟ ಗೂಡು ಹಾಕುತ್ತಿದ್ದರು. ಪಿಯುಸಿ ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. 44 ಗ್ರಾಂ ಒಂದು ಮೋಲ್. ಸಾಧಾರಣ ಉಷ್ಣತೆಯಲ್ಲಿ ಒಂದು ಮೋಲ್ ಅನಿಲ ಸುಮಾರು 24.5 ಲೀಟರ್. ಹಾಗಾದರೆ 12 ಗ್ರಾಂ ಎಂದರೆ 6.7 ಲೀಟರ್. ಗುಂಡಿಗೆ 240 ಮಿಲಿಲೀಟರಿನಂತೆ ಸುಮಾರು 28 ಗುಂಡು. ದಿನವಿಡೀ ಕಾಡಿನಲ್ಲಿ ಓಡಾಡುವವನಿಗೆ ಇದು ಯಾವ ಮೂಲೆಗೆ?

ಇಂಗಾಲದ ಡೈಆಕ್ಸೈಡಿನ ಅನುಕೂಲವೆಂದರೆ ಅದು ಒತ್ತಡದಲ್ಲಿ ದ್ರವವಾಗಿ ಕೂರುತ್ತದೆ. ಸಣ್ಣ ಜಾಗದಲ್ಲಿ ಹೆಚ್ಚು ಹಿಡಿಯುತ್ತದೆ. ಅನನುಕೂಲವೂ ಅಲ್ಲಿಯೇ ಇದೆ. ಮದುವೆ ಮನೆಯಲ್ಲಿ ಅಡುಗೆಯವರು ಒಂದೇ ಸಮನೆ ದೊಡ್ಡ ಒಲೆ ಉರಿಸುವಾಗ ಗ್ಯಾಸ್ ಸಿಲಿಂಡರಿನ ಹೊರಮೈ ಮಂಜುಗಟ್ಟಿ ಉರಿ ಇಳಿಯುವುದನ್ನು ನೋಡಿರಬಹುದು. ದ್ರವ ಅನಿಲವಾಗಲು ಬೇಕಾದ ಶಾಖವನ್ನು ಸಿಲಿಂಡರಿನಿಂದಲೇ ಹೀರಿಕೊಳ್ಳುತ್ತದೆ. ಮಾರ್ಕರಿನಲ್ಲೂ ಇದೇ ಕಥೆ. ಬಿಡುವಿಲ್ಲದೆ ಗುಂಡು ಹಾರಿಸಿದಂತೆ ಸಿಲಿಂಡರ್ ತಣ್ಣಗಾಗುತ್ತದೆ, ಒತ್ತಡ ಬೀಳುತ್ತದೆ, ಗುಂಡು ಮೊದಲಿನಷ್ಟು ದೂರ ಹೋಗುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒತ್ತಡ ಸುಮಾರು 830 ಪಿಎಸ್‌ಐ ಇದ್ದರೆ, ಸೊನ್ನೆ ಡಿಗ್ರಿಯಲ್ಲಿ 505ಕ್ಕೆ ಇಳಿಯುತ್ತದೆ. ಕೆಲವೊಮ್ಮೆ ದ್ರವವೇ ಮಾರ್ಕರಿನೊಳಗೆ ನುಗ್ಗಿ ರಬ್ಬರ್ ರಿಂಗುಗಳನ್ನು ಹಾಳು ಮಾಡುತ್ತದೆ.

ಬಿಸಿಲಿನಲ್ಲಿ ತೊಂದರೆ ಇನ್ನೊಂದು ಬಗೆಯದು. 31 ಡಿಗ್ರಿಯ ಮೇಲೆ ಇಂಗಾಲದ ಡೈಆಕ್ಸೈಡ್ ದ್ರವವಾಗಿ ಇರಲಾರದು. ನಮ್ಮ ಕಲಬುರಗಿ, ರಾಯಚೂರಿನ ಬೇಸಿಗೆಯನ್ನು ನೆನೆಸಿಕೊಳ್ಳಿ. ಹೆಚ್ಚು ತುಂಬಿದ ಸಿಲಿಂಡರನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟರೆ ಒತ್ತಡ ವಿಪರೀತ ಏರಿ ಅದರ ರಕ್ಷಾಬಿಲ್ಲೆ ಒಡೆದುಹೋಗಬಹುದು.

ಆದ್ದರಿಂದಲೇ ಇಂದು ದೀರ್ಘ ಆಟಗಳಿಗೆ ಹೋಗುವವರು ಹೆಚ್ಚಾಗಿ ನೆಚ್ಚುವುದು ಒತ್ತಡದಲ್ಲಿ ತುಂಬಿದ ಸಾಮಾನ್ಯ ಗಾಳಿಯನ್ನು. ಅದು ದ್ರವವಾಗುವುದಿಲ್ಲ. ಸಿಲಿಂಡರಿನ ಬಾಯಲ್ಲಿರುವ ನಿಯಂತ್ರಕ ಕವಾಟ ಒತ್ತಡವನ್ನು ತಗ್ಗಿಸಿ ಒಂದೇ ಸಮನಾಗಿ ಕೊಡುತ್ತದೆ. ಕೊನೆಯ ಗುಂಡಿಗೂ ಮೊದಲ ಗುಂಡಿನ ವೇಗವೇ ಸಿಗುತ್ತದೆ. ಆ ಪುಟ್ಟ ಮುಳ್ಳಿನ ಮಾಪಕ ನೋಡಿ ಎಷ್ಟು ಉಳಿದಿದೆ ಎಂದು ತಿಳಿಯುವ ಅನುಕೂಲವೂ ಉಂಟು. ದ್ರವವಿರುವ ಸಿಲಿಂಡರಿನ ಮಾಪಕ ಕೊನೆಯ ಹನಿ ಆರುವವರೆಗೆ ಹೆಚ್ಚುಕಡಿಮೆ ಒಂದೇ ಒತ್ತಡ ತೋರಿಸುತ್ತಾ ಮೋಸ ಮಾಡುತ್ತದೆ.

ಯಂತ್ರದೊಳಗಿನ ದುಂದುಗಾರರು

ಮಾರ್ಕರಿನೊಳಗೆ ಗಾಳಿ ಪೋಲಾಗುವ ದಾರಿಗಳು ಹಲವು. ಕವಾಟ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆರೆದಿರುವುದು ಮೊದಲನೆಯದು. ಗುಂಡು ನಳಿಕೆ ಬಿಟ್ಟ ಮೇಲೂ ಗಾಳಿ ಹರಿಯುತ್ತಿದ್ದರೆ ಅದು ಬರೀ ಸದ್ದು. ಹೌದು, ಆ ‘ಠಪ್’ ಎಂಬ ಸದ್ದಿನಲ್ಲಿ ಹೋಗುವುದೂ ನೀವು ಕಾಸು ಕೊಟ್ಟ ಗಾಳಿಯೇ! ಗುಂಡಿಗೂ ನಳಿಕೆಗೂ ನಡುವಿನ ಸಂದಿಯಲ್ಲಿ ನುಸುಳುವುದು ಎರಡನೆಯದು. ಮುಂದಿನ ಗುಂಡಿಗೆ ಯಂತ್ರವನ್ನು ಸಜ್ಜುಗೊಳಿಸಲು ಖರ್ಚಾಗುವುದು ಮೂರನೆಯದು. ಸವೆದ ರಬ್ಬರ್ ರಿಂಗಿನಲ್ಲಿ ಸೋರುವುದು ನಾಲ್ಕನೆಯದು.

ಈ ಹಿನ್ನೆಲೆಯಲ್ಲಿ ಮಾರ್ಕರುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಪಂಪ್ ಮಾರ್ಕರ್: ಪ್ರತಿ ಗುಂಡಿಗೂ ಕೈಯಿಂದ ಹಿಂದಕ್ಕೆಳೆದು ಸಜ್ಜುಗೊಳಿಸಬೇಕು. ಆ ಕೆಲಸಕ್ಕೆ ಗಾಳಿ ಬೇಡ, ನಿಮ್ಮ ತೋಳೇ ಸಾಕು. ಗಾಳಿಯ ಮಿತವ್ಯಯದಲ್ಲಿ ಇದನ್ನು ಮೀರಿಸುವುದು ಕಷ್ಟ. ಜತೆಗೆ ಮನಸೋಇಚ್ಛೆ ಗುಂಡು ಸುರಿಯಲು ಆಗದಿರುವುದರಿಂದ ಆಟಗಾರ ತಾನಾಗಿಯೇ ಗುರಿಯಿಟ್ಟು ಹೊಡೆಯಲು ಕಲಿಯುತ್ತಾನೆ.

ಹಿಮ್ಮೊಗದ ಗಾಳಿಯ ಮಾರ್ಕರ್: ಹಾರಿಸುವ ಗಾಳಿಯಲ್ಲೇ ಒಂದು ಪಾಲು ಹಿಂದಕ್ಕೆ ಬಂದು ಒಳಗಿನ ಸುತ್ತಿಗೆಯನ್ನು ಮತ್ತೆ ಸಜ್ಜುಗೊಳಿಸುತ್ತದೆ. ಅಮೆರಿಕದ ಟಿಪ್‌ಮನ್ ಕಂಪೆನಿ ಹೊರತಂದ ‘98 ಕಸ್ಟಮ್’ ಈ ಬಗೆಗೆ ಪ್ರಸಿದ್ಧ ಉದಾಹರಣೆ. ಗಟ್ಟಿಮುಟ್ಟು, ರಿಪೇರಿ ಸುಲಭ. ಆದರೆ ಗಾಳಿಯ ವಿಷಯದಲ್ಲಿ ಸ್ವಲ್ಪ ಧಾರಾಳಿ.

ಸುತ್ತಿಗೆ-ಕವಾಟದ ಸುಧಾರಿತ ಬಗೆ: ಸುತ್ತಿಗೆ ಕವಾಟದ ಕಡ್ಡಿಯನ್ನು ಕ್ಷಣಮಾತ್ರ ತಟ್ಟುತ್ತದೆ, ಗಾಳಿಯ ಒತ್ತಡವೇ ಅದನ್ನು ಮತ್ತೆ ಮುಚ್ಚುತ್ತದೆ. ಬಡ್ ಆರ್ ರೂಪಿಸಿದ ‘ಆಟೋಕಾಕರ್’ ಈ ವಂಶದ್ದು. ಎಲೆಕ್ಟ್ರಾನಿಕ್ ಮಾರ್ಕರುಗಳಲ್ಲೂ ಈ ಬಗೆ ಇದೆ. ಅಲ್ಲಿ ಕವಾಟ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಎಂದು ಹೊಂದಿಸಬಹುದು. ಸರಿಯಾಗಿ ಹೊಂದಿಸಿದರೆ ಮಿತವ್ಯಯ, ಹೊಂದಿಸದಿದ್ದರೆ ಅಷ್ಟೂ ಪೋಲು.

ಜಾರುಕೊಳವೆ ಬಗೆ: ಒಂದು ಕೋಣೆಯಲ್ಲಿ ತುಂಬಿಟ್ಟ ಗಾಳಿಯನ್ನು ಜಾರುವ ಕೊಳವೆಯೊಂದು ಮುಂದೆ ಸರಿದು ಹೊರಬಿಡುತ್ತದೆ. ಒದೆತ ಕಡಿಮೆ, ಸದ್ದೂ ಮೆತ್ತಗೆ. ಈ ಬಗೆಯ ಹಳೆಯ ಮಾರ್ಕರುಗಳಿಗೆ ‘ಗಾಳಿಬಾಕ’ ಎಂಬ ಅಪಖ್ಯಾತಿಯಿತ್ತು. ಇತ್ತೀಚಿನವು ಬಹಳ ಸುಧಾರಿಸಿವೆ. ಇಂಗ್ಲೆಂಡಿನ ಪ್ಲಾನೆಟ್ ಎಕ್ಲಿಪ್ಸ್ ಕಂಪೆನಿಯ ‘ಎಮೆಕ್’ ಬ್ಯಾಟರಿಯೇ ಇಲ್ಲದ ಇಂತಹ ಮಾರ್ಕರ್. ದೀರ್ಘ ಆಟದವರಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ.

ಗಮನಿಸಿದಿರಾ? ‘ಎಲೆಕ್ಟ್ರಾನಿಕ್’ ಎಂಬ ಒಂದೇ ಪದ ಮಿತವ್ಯಯದ ಭರವಸೆಯಲ್ಲ. ನಮ್ಮ ಹುಡುಗನ ವಾದ ಇಲ್ಲಿಗೇ ಅರ್ಧ ಸಡಿಲವಾಯಿತು.

‘ಕಡಿಮೆ ಒತ್ತಡ’ದ ಜಾಹೀರಾತು

ಇನ್ನೊಂದು ಮಾತು ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ: ‘ಇದು ಕೇವಲ 150 ಪಿಎಸ್‌ಐ ಒತ್ತಡದಲ್ಲಿ ಕೆಲಸ ಮಾಡುತ್ತದೆ.’ ಒತ್ತಡ ಕಡಿಮೆಯಾದರೆ ಗಾಳಿಯೂ ಕಡಿಮೆ ಖರ್ಚಾಗುತ್ತದೆ ಎಂದು ಯಾರಿಗಾದರೂ ಅನಿಸುವುದು ಸಹಜ. ಇದು ಪೂರ್ತಿ ನಿಜವಲ್ಲ.

ಉದ್ದನೆಯ ಕಿರಿದಾದ ಲೋಟದಲ್ಲೂ ಅಗಲವಾದ ಬಟ್ಟಲಲ್ಲೂ ಒಂದೇ ಪ್ರಮಾಣದ ಹಾಲು ಹಿಡಿಸಬಹುದಲ್ಲವೇ? ಲೋಟದಲ್ಲಿ ಹಾಲಿನ ಮಟ್ಟ ಎತ್ತರ, ಬಟ್ಟಲಲ್ಲಿ ತಗ್ಗು. ಹಾಗೆಯೇ ಖರ್ಚಾಗುವ ಗಾಳಿಯ ಪ್ರಮಾಣ ತಿಳಿಯಬೇಕಾದರೆ ಒತ್ತಡವನ್ನೂ ಗಾತ್ರವನ್ನೂ ಗುಣಿಸಬೇಕು. ಕಡಿಮೆ ಒತ್ತಡದ ಮಾರ್ಕರುಗಳ ಗಾಳಿಕೋಣೆ ದೊಡ್ಡದಿರುತ್ತದೆ.

ಆದರೂ ಕಡಿಮೆ ಒತ್ತಡದಿಂದ ಒಂದು ನಿಜವಾದ ಲಾಭವುಂಟು. ಸಿಲಿಂಡರಿನ ತಳದವರೆಗೂ ಗಾಳಿಯನ್ನು ಬಳಸಿಕೊಳ್ಳಬಹುದು. 800 ಪಿಎಸ್‌ಐ ಬೇಡುವ ಮಾರ್ಕರ್ 3000ದ ಸಿಲಿಂಡರಿನಲ್ಲಿ 2200ನ್ನಷ್ಟೇ, ಅಂದರೆ ನೂರಕ್ಕೆ 73 ಪಾಲನ್ನು ಬಳಸುತ್ತದೆ. 300 ಸಾಕೆನ್ನುವ ಮಾರ್ಕರ್ 2700ನ್ನು, ಅಂದರೆ ನೂರಕ್ಕೆ 90 ಪಾಲನ್ನು ಬಳಸುತ್ತದೆ. ಚಟ್ನಿ ಬಾಟಲಿಯ ತಳಕ್ಕೆ ಮುಟ್ಟುವ ಉದ್ದನೆಯ ಚಮಚ ಇದ್ದ ಹಾಗೆ!

ಅಳೆದು ನೋಡಪ್ಪಾ!

ವಾರ ಕಳೆದ ಮೇಲೆ ಫೋನ್ ಬಂದಾಗ ಅಪ್ಪನ ಬದಲು ಮಗನನ್ನೇ ಕರೆಯಲು ಹೇಳಿದೆ. ಅವನಿಗೆ ಯಾವ ಮಾರ್ಕರ್ ಕೊಳ್ಳಬೇಕೆಂದು ನಾನು ಹೇಳಲಿಲ್ಲ. ಒಂದು ಪ್ರಯೋಗ ಮಾಡಲು ಹೇಳಿದೆ.

ಸಿಲಿಂಡರ್ ತುಂಬಿಸು. ತುಂಬಿದ ಕೂಡಲೇ ಮಾಪಕ ನೋಡಬೇಡ. ಗಾಳಿಯನ್ನು ಒತ್ತಿ ತುಂಬುವಾಗ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದಿಲ್ಲವೇ, ಹಾಗೆ. 50 ಡಿಗ್ರಿಯಲ್ಲಿ 3000 ತೋರಿಸಿದ ಮಾಪಕ 27 ಡಿಗ್ರಿಗೆ ಆರಿದಾಗ ಸುಮಾರು 2790 ತೋರಿಸುತ್ತದೆ. ಅವಸರದಲ್ಲಿ ತುಂಬಿಸಿದವನ ಸಿಲಿಂಡರಿನಿಂದ ಸುಮಾರು 50 ಗುಂಡಿನಷ್ಟು ಗಾಳಿ ಹಾರಿಸದೆಯೇ ಮಾಯ! ಆದ್ದರಿಂದ ನಿಧಾನವಾಗಿ ತುಂಬಿಸು, ಆರಿದ ಮೇಲೆ ಓದು. ಗುರಿಹಲಗೆಗೆ 100 ಗುಂಡು ಹಾರಿಸು. ವೇಗಮಾಪಕದಲ್ಲಿ ವೇಗವನ್ನೂ ಬರೆದುಕೋ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಪಕ ಓದು.

ಮುಂದಿನ ಭಾನುವಾರ ಅವನೇ ಫೋನ್ ಮಾಡಿದ. ‘ಅಂಕಲ್, 2850 ಇದ್ದದ್ದು 2210 ಆಯಿತು. ವೇಗ 300.’ ಅಂದರೆ 100 ಗುಂಡಿಗೆ 640, ಗುಂಡಿಗೆ 6.4 ಪಿಎಸ್‌ಐ. ಬಳಸಬಹುದಾದ 2200ನ್ನು ಇದರಿಂದ ಭಾಗಿಸಿದರೆ 344 ಗುಂಡು. ಒಳ್ಳೆಯ ಸ್ಥಿತಿಯಲ್ಲಿದ್ದರೆ 500ರ ಹತ್ತಿರ ಬರಬೇಕಾದ ಕಡೆ 344! ಹುಡುಗ ಗಾಳಿ ಬೇಗ ಮುಗಿಯುತ್ತದೆ ಎಂದು ದೂರಿದ್ದು ನಿಜವೇ ಆಗಿತ್ತು.

‘ಈಗ ಸೋರಿಕೆ ಹುಡುಕು’ ಎಂದೆ. ಸಾಬೂನು ನೀರು ಹಚ್ಚಿದಾಗ ಸಿಲಿಂಡರ್ ಸೇರುವ ಜಾಗದಲ್ಲಿ ಗುಳ್ಳೆಗಳು ಎದ್ದವು. ಚಿಲ್ಲರೆ ಕಾಸಿನ ರಬ್ಬರ್ ರಿಂಗು ಬದಲಾಯಿಸಿದ, ಅದೂ ಸಿಲಿಂಡರ್ ಬಿಚ್ಚಿ, ಒಳಗಿನ ಗಾಳಿಯನ್ನೆಲ್ಲ ಹೊರಬಿಟ್ಟ ಮೇಲೆ. ನಳಿಕೆಯಲ್ಲಿ ಗುಂಡು ಇಟ್ಟು ಊದಿ ನೋಡಿದ. ಗುಂಡು ತಾನಾಗಿ ಉರುಳಿ ಹೋಗಬಾರದು, ಊದಿದರೆ ಹೊರಬರಬೇಕು. ಆಗ ಅಳತೆ ಸರಿ ಎಂದರ್ಥ. ಅವನದು ಊದುವ ಮೊದಲೇ ಜಾರಿ ಬಿತ್ತು. ಜಿಲೆಟಿನ್ ತೇವಕ್ಕೆ ಉಬ್ಬುತ್ತದೆ, ಒಣ ಹವೆಗೆ ಕುಗ್ಗುತ್ತದೆ. ಹಾಗಾಗಿ ಋತುವಿಗೆ ತಕ್ಕಂತೆ ಅಳತೆಯೂ ವ್ಯತ್ಯಾಸವಾಗುತ್ತದೆ. ಗೆಳೆಯನಿಂದ ಕಿರಿದಾದ ನಳಿಕೆ ಎರವಲು ತಂದ. ವೇಗವನ್ನು 280ಕ್ಕೆ ಇಳಿಸಿದ. ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಇದೊಂದರಿಂದಲೇ ಗುಂಡಿಗೆ ಬೇಕಾದ ಶಕ್ತಿ ನೂರಕ್ಕೆ 13ರಷ್ಟು ಕಡಿಮೆಯಾಗುತ್ತದೆ.

ಮತ್ತೆ ಅಳೆದ. ಗುಂಡಿಗೆ 4.7 ಪಿಎಸ್‌ಐ. ಒಟ್ಟು 468 ಗುಂಡು. ಒಂದು ಡಾಲರೂ ಖರ್ಚಿಲ್ಲದೆ 124 ಗುಂಡು ಹೆಚ್ಚಾಯಿತು.

ಕೊನೆಯ ಪ್ರಶ್ನೆ ಕೇಳಿದೆ: ‘ನೀನು ಆಟಕ್ಕೆ ಎಷ್ಟು ಗುಂಡು ಹೊತ್ತೊಯ್ಯುತ್ತೀ?’ ಮೇಲಿನ ಡಬ್ಬಿಯಲ್ಲಿ 200. ಸೊಂಟದ ಪಟ್ಟಿಯಲ್ಲಿ 140ರ ನಾಲ್ಕು ಡಬ್ಬಿ. ಒಟ್ಟು 760. ತೂಕವೇ ಎರಡು ಕಿಲೋ ದಾಟುತ್ತದೆ. ಮಾರ್ಕರಿನ ಆಯ್ಕೆಯಲ್ಲಿ ಮುಖ್ಯ ಸೂತ್ರವೇ ಇದು. ಒಂದು ಸಲ ತುಂಬಿಸಿದ ಗಾಳಿ, ಹೊತ್ತ ಗುಂಡು ಮುಗಿಯುವವರೆಗೆ ಬರಬೇಕು. ಅದಕ್ಕಿಂತ ಹೆಚ್ಚು ಬಂದರೆ ಉಪಯೋಗವಿಲ್ಲ, ಕಡಿಮೆಯಾದರೆ ನಡುಗಾಡಿನಲ್ಲಿ ಪರದಾಟ.

ಹೊಸ ಮಾರ್ಕರ್ ಗುಂಡಿಗೆ ಕಾಲು ಪಾಲು ಗಾಳಿ ಉಳಿಸುತ್ತದೆ, ಮೇಲಾಗಿ 300 ಪಿಎಸ್‌ಐವರೆಗೂ ಕೆಲಸ ಮಾಡುತ್ತದೆ ಎಂದೇ ಇಟ್ಟುಕೊಳ್ಳೋಣ. ಆಗ 2700ನ್ನು 3.5ರಿಂದ ಭಾಗಿಸಿದರೆ 770 ಗುಂಡು. ಅಂತೂ ಇಂತೂ ಸಾಕು. ಆದರೆ ಸಾವಿರ ಡಾಲರ್! ಅದರ ಬದಲು ಹಳೆಯ ಮಾರ್ಕರಿಗೇ 68 ಘನ ಅಂಗುಲದ, 4500 ಪಿಎಸ್‌ಐ ತಾಳುವ ಕಾರ್ಬನ್ ನಾರಿನ ಸಿಲಿಂಡರ್ ಹಾಕಿದರೆ? ಲೆಕ್ಕದಲ್ಲಿ 1100, ಅಷ್ಟು ಒತ್ತಡದಲ್ಲಿ ಗಾಳಿ ಬಾಯ್ಲ್‌ನ ನಿಯಮವನ್ನು ಪೂರ್ತಿ ಪಾಲಿಸದಿರುವುದರಿಂದ ಸಾವಿರ ಎನ್ನಿ. ಸೋಜಿಗವೆಂದರೆ ಹೆಚ್ಚು ಗಾಳಿ ಹಿಡಿಯುವ ಈ ಸಿಲಿಂಡರೇ ಸಾಮಾನ್ಯವಾಗಿ ಅಲ್ಯುಮಿನಿಯಂನದಕ್ಕಿಂತ ಹಗುರ. ಬೆಲೆ ಆ ಹೊಸ ಮಾರ್ಕರಿನ ಐದನೆಯ ಒಂದು ಪಾಲಿನ ಆಸುಪಾಸು.

ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ‘ಹಾಗಾದರೆ ಸಿಲಿಂಡರ್ ಸಾಕು ಅಂಕಲ್’ ಎಂದ ಹುಡುಗ. ಸ್ವಲ್ಪ ನಿರಾಶೆಯಿತ್ತು, ಆದರೆ ತೀರ್ಮಾನ ಅವನದೇ ಆಗಿತ್ತು.

ಕೊಳ್ಳುವವರಿಗೆ, ಕೊಡಿಸುವವರಿಗೆ

ಹೊಸದಾಗಿ ಮಾರ್ಕರ್ ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಯಾವ ಸಿಲಿಂಡರಿಗೆ, ಯಾವ ವೇಗದಲ್ಲಿ, ಎಷ್ಟು ಗುಂಡು? ಈ ಮೂರನ್ನೂ ಹೇಳದ ಸಂಖ್ಯೆಗೆ ಅರ್ಥವಿಲ್ಲ. ನಳಿಕೆಯ ಒಳ ಅಳತೆ ಬದಲಾಯಿಸಲು ಬರುತ್ತದೆಯೇ? ರಬ್ಬರ್ ರಿಂಗುಗಳು ಸುಲಭವಾಗಿ ಸಿಗುತ್ತವೆಯೇ, ಹೆಚ್ಚು ಸಲಕರಣೆಯಿಲ್ಲದೆ ಬಿಚ್ಚಿ ಹಾಕಬಹುದೇ? ನೀವು ಆಡುವ ಮೈದಾನದಲ್ಲಿ 4500 ಪಿಎಸ್‌ಐ ತುಂಬಿಸುವ ಯಂತ್ರವಿದೆಯೇ? 3000 ಮಾತ್ರ ತುಂಬುವ ಕಡೆ ದುಬಾರಿ ಸಿಲಿಂಡರಿನ ಮೂರನೆಯ ಒಂದು ಪಾಲು ಖಾಲಿಯೇ ಉಳಿಯುತ್ತದೆ. ಸಿಲಿಂಡರಿನ ನಿಯಂತ್ರಕ ಕವಾಟ ಹೊರಬಿಡುವ ಒತ್ತಡ ನಿಮ್ಮ ಮಾರ್ಕರಿಗೆ ಹೊಂದುತ್ತದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ತಂದೆತಾಯಿಗಳಿಗೆ ಒಂದೆರಡು ಮಾತು. ಗಾಳಿಯ ಖರ್ಚಿಗಿಂತ ಕಣ್ಣು ದೊಡ್ಡದು. 11 ಜೂಲ್ ಶಕ್ತಿಯ ಗುಂಡು ಬಟ್ಟೆಯ ಮೇಲೆ ಬಿದ್ದರೆ ಚುರುಕು, ಬರಿ ಕಣ್ಣಿಗೆ ಬಿದ್ದರೆ ಕುರುಡು. ಪೇಂಟ್‌ಬಾಲಿಗೆಂದೇ ಇರುವ ಎಎಸ್‌ಟಿಎಂ ಎಫ್ 1776 ಮಾನದಂಡದ ಮುಖವಾಡವನ್ನು ಮೈದಾನದೊಳಗೆ ಒಂದು ಕ್ಷಣವೂ ತೆಗೆಯಬಾರದು. ಬೆವರಿ ಮಂಜು ಕವಿದರೂ ಸರಿ. ಆಟದಿಂದ ಹೊರಗಿರುವಾಗ ನಳಿಕೆಗೆ ಮುಸುಕು ಹಾಕಿರಬೇಕು. ಸಿಲಿಂಡರಿಗೆ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ನೀರೊತ್ತಡದ ಪರೀಕ್ಷೆಯಾಗಬೇಕು. ಅದರ ಮೇಲೆ ದಿನಾಂಕ ಕೆತ್ತಿರುತ್ತದೆ, ನೋಡಿಕೊಳ್ಳಿ. ಗಾಳಿ ತುಂಬುವ ಮೂತಿಗೆ ಎಣ್ಣೆ ಬಿಡುವುದು ಅಪಾಯ. ಅಷ್ಟು ಒತ್ತಡದ ಗಾಳಿಯಲ್ಲಿ ಎಣ್ಣೆ ಹೊತ್ತಿಕೊಳ್ಳಬಹುದು.

ಇನ್ನು, ವಿದೇಶದಲ್ಲಿರುವ ನೆಂಟರ ಕೈಯಲ್ಲಿ ಮಾರ್ಕರ್ ತರಿಸುವ ಯೋಚನೆಯಿದ್ದರೆ ಸ್ವಲ್ಪ ತಾಳಿ. ನಮ್ಮಲ್ಲಿ 2016ರ ಶಸ್ತ್ರಾಸ್ತ್ರ ನಿಯಮಗಳೂ ಅದೇ ವರ್ಷದ ಗ್ಯಾಸ್ ಸಿಲಿಂಡರ್ ನಿಯಮಗಳೂ ಇವೆ. ಪೊಲೀಸರಲ್ಲೂ ಸುಂಕದ ಇಲಾಖೆಯಲ್ಲೂ ಮೊದಲೇ ವಿಚಾರಿಸುವುದು ಕ್ಷೇಮ. ನಮ್ಮ ವಿಹಾರಧಾಮಗಳಲ್ಲಿ ಮಾರ್ಕರ್, ಮುಖವಾಡ, ಎಣಿಸಿದ ಗುಂಡು ಎಲ್ಲವನ್ನೂ ಅವರೇ ಕೊಡುತ್ತಾರೆ. ಅಲ್ಲಿ ಮಕ್ಕಳು ಮಾಡಬೇಕಾದ ಉಳಿತಾಯ ಗಾಳಿಯದ್ದಲ್ಲ, ಗುಂಡಿನದು.

ದಸರಾ ಹೊತ್ತಿಗೆ ಮತ್ತೆ ಫೋನ್ ಬಂತು. ಈ ಸಲ ಅಪ್ಪನಿಗಿಂತ ಮೊದಲು ಮಗನೇ ಮಾತಾಡಿದ. ಸಂಜೆ ಆಟ ಮುಗಿದಾಗ ಹೊಸ ಸಿಲಿಂಡರಿನಲ್ಲಿ ಇನ್ನೂ 1900 ಪಿಎಸ್‌ಐ ಉಳಿದಿತ್ತಂತೆ. ‘ಅಷ್ಟೊಂದು ಹೇಗಪ್ಪಾ ಉಳಿಯಿತು?’ ಎಂದು ಕೇಳಿದೆ.

‘ಗುಂಡಿಗೆ ಎಷ್ಟು ಗಾಳಿ ಅಂತ ಗೊತ್ತಾದ ಮೇಲೆ ಸುಮ್ಮನೆ ಹಾರಿಸಲು ಮನಸ್ಸು ಬರಲಿಲ್ಲ ಅಂಕಲ್. ಪೊದೆ ಅಲ್ಲಾಡಿದ ಕೂಡಲೇ ಹತ್ತು ಗುಂಡು ಹೊಡೆಯುತ್ತಿದ್ದೆ. ಈಗ ಕಾದು ನೋಡಿ ಎರಡು ಹೊಡೆಯುತ್ತೇನೆ’ ಎಂದ.

ಹೆನಿಕರ್‌ನ ಕಾಡಿನಲ್ಲಿ ಗುಂಡು ಹಾರಿಸದೆ ಗೆದ್ದವನ ಕಥೆಯನ್ನು ಆಗ ಅವನಿಗೆ ಹೇಳಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯನ್ನೂ ಹೇಳಿದೆ. ಗಾದೆಯ ಅರ್ಥವನ್ನು ಅವನ ಅಪ್ಪ ಪಕ್ಕದಲ್ಲಿ ನಿಂತು ವಿವರಿಸುತ್ತಿದ್ದುದು ಫೋನಿನಲ್ಲಿ ಕೇಳಿಸುತ್ತಿತ್ತು.